ಗಂಟಿಲ್ಲದ ಪೊಟ್ಟಣ

“ನಾ ಸಹಿ ಮಾಡಂಗಿಲ್ಲ.”

ಮೂರನೇ ಸಲ ಹೇಳಿದೆ. ರೋಶನ್ ಮೂರನೇ ಸಲವೂ ಕಾಗದವನ್ನು ನನ್ನ ಕಡೆಗೆ ತಳ್ಳಿದ. ಅಂಧೇರಿಯ ಆ ಆಫೀಸಿನ ಮೇಜು ಗಾಜಿನದು, ಕಾಗದ ಸಲೀಸಾಗಿ ಜಾರುತ್ತದೆ. ನಾನು ಹಾಗೆ ಜಾರುವ ಪೈಕಿ ಅಲ್ಲ. ವಿಜಯಪುರದಿಂದ ಮುಂಬಯಿಗೆ, ಪರೇಲಿನ ಚಾಳಿನ ಒಂದು ಕೋಣೆಗೆ ಬಂದು, ಇಪ್ಪತ್ತೆರಡು ವರ್ಷ ಕಾಲೇಜು ಮಕ್ಕಳಿಗೆ ಭೂಗೋಳ ಕಲಿಸಿದವಳು. ನಕಾಶೆಯಲ್ಲಿ ಇಲ್ಲದ ಊರನ್ನು ಇದೆ ಎಂದು ಹೇಳಿದವಳಲ್ಲ.

“ಮೇಡಂ, ಇಟ್ಸ್ ಜಸ್ಟ್ ಎ ಫಾರ್ಮಾಲಿಟಿ” ಎಂದ ರೋಶನ್. “ನಾಲ್ಕು ಗಂಟೆಗೆ ನಾವು ಪೊಲೀಸ್ ಸ್ಟೇಷನ್‌ಗೆ ಹೋಗ್ಲೇಬೇಕು. ಕಂಪ್ಲೇಂಟ್ ಜೊತೆ ನಿಮ್ಮಿಬ್ಬರ ಸ್ಟೇಟ್‌ಮೆಂಟ್ ಇದ್ರೆ ಮ್ಯಾಟರ್ ಕ್ಲೋಸ್.”

ಕಾಗದದಲ್ಲಿ ಬರೆದದ್ದು ಎರಡೇ ಸಾಲು. ನೇಪಾಳದ ಶಾಲೆಯಿಂದ ಹೊರಡುವ ದಿನ ಕರಕುಶಲ ವಸ್ತುಗಳ ಪೆಟ್ಟಿಗೆಯನ್ನು ವಿದ್ಯಾರ್ಥಿನಿ ನಿಶಾ ಒಬ್ಬಳೇ ತುಂಬಿ, ಒಬ್ಬಳೇ ಮುಚ್ಚಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ ಎಂದು. ನಾನು ಕಂಡಿರಲಿಲ್ಲ.

ರೋಶನ್ ‘ಅಕ್ಷರದೋಣಿ’ ಟ್ರಸ್ಟಿನ ಮುಖ್ಯಸ್ಥ. ವರ್ಷಕ್ಕೊಮ್ಮೆ ಮುಂಬಯಿಯ ಕಾಲೇಜು ಮಕ್ಕಳನ್ನು ಮೂರು ವಾರ ಹೊರದೇಶದ ಬಡ ಶಾಲೆಗಳಿಗೆ ಪಾಠ ಮಾಡಲು ಕಳಿಸುತ್ತಾನೆ. ಈ ಸಲ ಸಾಂತಾಕ್ರೂಜಿನ ನಮ್ಮ ಕಾಲೇಜಿನ ಹನ್ನೊಂದು ಮಕ್ಕಳು ನೇಪಾಳದ ಗುಡ್ಡದ ಮೇಲಿನ ಶಾಲೆಗೆ ಹೋದರು. ಅವರ ಹಿಂದೆ ಕಾವಲಿಗೆ ನಾನು ಮತ್ತು ಹರಿಣಿ ಟೀಚರ್. ಶನಿವಾರ ಎಲ್ಲರನ್ನೂ ಎಣಿಸಿ ಏರ್‌ಪೋರ್ಟಿನಲ್ಲಿ ಅವರವರ ತಂದೆ ತಾಯಿಗೆ ಒಪ್ಪಿಸಿದೆವು.

ಸೋಮವಾರ ಆ ಶಾಲೆಯ ಹೆಡ್‌ಮಿಸ್ಟ್ರೆಸ್ ಮೇಲ್ ಕಳಿಸಿದರು. ಅವರ ಕೋಣೆಯ ದೇವರ ಗೂಡಿನಲ್ಲಿದ್ದ ಗೇಣುದ್ದದ ಹಳೇ ತಾರಾದೇವಿಯ ವಿಗ್ರಹ ಕಾಣೆಯಾಗಿತ್ತು. ಅದೇ ದಿನ ರೋಶನ್ ಈ ಆಫೀಸಿನಲ್ಲಿ ಪೆಟ್ಟಿಗೆ ಬಿಚ್ಚಿದ. ಮಕ್ಕಳು ಹೆಣೆದ ಉಣ್ಣೆ ಟೋಪಿಗಳ ನಡುವೆ, ಬ್ರೌನ್ ಪೇಪರಿನಲ್ಲಿ ಸುತ್ತಿ ಬಿಳಿ ನೂಲು ಕಟ್ಟಿದ ಪೊಟ್ಟಣದಲ್ಲಿ ವಿಗ್ರಹ ಸಿಕ್ಕಿತು. ಪೆಟ್ಟಿಗೆಯ ಮೇಲೆ ದಪ್ಪ ಮಾರ್ಕರಿನಲ್ಲಿ ನಿಶಾಳ ಹೆಸರು.

“ಈ ಫೋಟೊ ನೋಡಿ. ಪೊಟ್ಟಣ ಬಿಚ್ಚೋ ಮೊದಲು ತೆಗೆದದ್ದು” ಎಂದು ರೋಶನ್ ಒಂದು ಪ್ರಿಂಟನ್ನು ಮುಂದಿಟ್ಟ. “ದಾರಕ್ಕೆ ಗಂಟೇ ಇಲ್ಲ. ಟಿಪಿಕಲ್ ಹೋಟೆಲ್ ಸ್ಟೈಲ್. ಅವಳ ಪಪ್ಪ ಎಲ್ಲಿ ಕೆಲಸ ಮಾಡೋದು?”

ಅದು ಅವನಿಗೂ ಗೊತ್ತು, ನನಗೂ ಗೊತ್ತು. ಸಾಂತಾಕ್ರೂಜ್ ಸ್ಟೇಷನ್ ಎದುರಿನ ಉಡುಪಿ ಹೋಟೆಲಿನ ಪಾರ್ಸೆಲ್ ಕೌಂಟರಿನಲ್ಲಿ. ನಮ್ಮ ಕಾಲೇಜಿನವರಿಗೂ ಟ್ರಸ್ಟಿನವರಿಗೂ ಮೀಟಿಂಗ್ ಇದ್ದಾಗಲೆಲ್ಲ ತಿಂಡಿ ಬರುವುದು ಅವಳ ಅಪ್ಪ ಅಣ್ಣುವಿನ ಕೈಯಿಂದಲೇ.

“ಪಾರ್ಸೆಲ್ ಕಟ್ಟುವವನ ಮಗಳು ಅಂದ್ರ ಕಳ್ಳಿ ಅಂತ ಯಾವ ಪುಸ್ತಕದಾಗ ಬರದೈತ್ರಿ?”

“ಐ ಡಿಡಂಟ್ ಸೇ ದಟ್.”

“ಬಾಯಿಲೇ ಹೇಳಿಲ್ಲ ಬಿಡ್ರಿ. ಟೈಪ್ ಮಾಡೀರಿ.”

ಪಕ್ಕದಲ್ಲಿದ್ದ ಹರಿಣಿ ನನ್ನ ಮೊಣಕೈ ಹಿಡಿದಳು. ಹರಿಣಿ ನನ್ನ ಸ್ಟಾಫ್‌ರೂಮಿನ ಗೆಳತಿ, ಮಂಗಳೂರಿನವಳು. ಯಾರ ಕೈಯಲ್ಲಿ ಕೆಲಸ ಅರ್ಧಕ್ಕೆ ನಿಂತರೂ ಕಿತ್ತುಕೊಂಡು ಮುಗಿಸಿಬಿಡುವ ಸ್ವಭಾವ. ನೇಪಾಳದಲ್ಲಿ ಹನ್ನೊಂದು ಮಕ್ಕಳ ಸೂಟ್‌ಕೇಸಿನ ಜಿಪ್ ಎಳೆದವಳೂ, ಆ ಶಾಲೆಯ ಪುಟ್ಟವರ ಬೂಟಿನ ಲೇಸು ಬಿಗಿದವಳೂ ಅವಳೇ.

“ಕೋಪ ಮಾಡಬೇಡ ಶಿವಕ್ಕ” ಎಂದಳು. “ನೀನು ಸಹಿ ಹಾಕದಿದ್ದರೆ ನಾನೂ ಹಾಕುವುದಿಲ್ಲ.”

ನನಗೆ ಅಷ್ಟು ಸಾಕಾಯಿತು. ಫೋಟೊವನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ.

“ಹಲೋ, ಎಲ್ಲಿಗೆ?”

“ನಾಲ್ಕರೊಳಗ ಬರ್ತೀನಿ. ಅಲ್ಲೀತನಕ ಆ ಹುಡುಗಿ ಹೆಸರು ಈ ರೂಮು ದಾಟಬಾರದು.”

“ದಾಟಿದ್ರೆ?”

“ನಿಮ್ಮ ಟ್ರಸ್ಟಿನ ಮುಂದ ಖುರ್ಚಿ ಹಾಕ್ಕೊಂಡು ಕೂಡ್ತೀನಿ. ನನಗ ರಜಾ ಭಾಳ ಉಳದಾವ.”

*

ಮಧ್ಯಾಹ್ನದ ಸ್ಲೋ ಲೋಕಲ್‌ನಲ್ಲಿ ಲೇಡೀಸ್ ಡಬ್ಬಿ ಅರ್ಧ ಖಾಲಿ. ಫೋಟೊ ತೆಗೆದು ತೊಡೆಯ ಮೇಲೆ ಹರಡಿಕೊಂಡೆ.

ಪೆಟ್ಟಿಗೆಯ ಮುಚ್ಚಳ ಒಂದು ಕಡೆ ಮಗುಚಿತ್ತು. ಅದರ ಮೇಲೆ ನಿಶಾಳ ಹೆಸರು ನೇರವಾಗಿ ಓದುವಂತೆ ಕಾಣುತ್ತಿತ್ತು. ಕೆಂಪು, ಹಸಿರು, ಹಳದಿ ಟೋಪಿಗಳು, ನಡುವಿನ ಗುಂಡಿಯಲ್ಲಿ ಪೊಟ್ಟಣ. ಅದರ ಮಗ್ಗುಲಿಗೆ ಟೋಪಿಗಳು ಒತ್ತಿಹೋಗಿ ಇನ್ನೊಂದು ಗುಂಡಿ ಬಿದ್ದಿತ್ತು. ಯಾರೋ ಕೈ ಹಾಕಿ ತಡಕಾಡಿರಬೇಕು ಎಂದುಕೊಂಡು ಅದನ್ನು ಅಲ್ಲಿಗೇ ಬಿಟ್ಟೆ. ನನ್ನ ಕಣ್ಣೆಲ್ಲ ದಾರದ ಮೇಲಿತ್ತು.

ಈ ಹುಡುಗಿಗೆ ಹದಿನೆಂಟು ತುಂಬಿ ನಾಲ್ಕು ತಿಂಗಳು. ಅಂದರೆ ಪೊಲೀಸರ ಪುಸ್ತಕದಲ್ಲಿ ಅವಳು ಮಗುವಲ್ಲ. ನಾಲ್ಕು ಗಂಟೆಗೆ ಆ ಹೆಸರು ಅಲ್ಲಿ ಸೇರಿದರೆ ಕಾಲೇಜು ಹೋಯಿತು, ಟೀಚರ್ ಆಗಬೇಕೆಂಬ ಅವಳ ಆಸೆಯೂ ಹೋಯಿತು. ಕಳ್ಳಿ ಎನಿಸಿಕೊಂಡವಳನ್ನು ಯಾವ ಶಾಲೆ ಒಳಗೆ ಬಿಟ್ಟುಕೊಳ್ಳುತ್ತದೆ? ಅವಳನ್ನು ಕರೆದುಕೊಂಡು ಹೋದವಳು ನಾನು. ಪೂರ್ತಿ ವಾಪಸು ತಂದಿದ್ದೇನೆ ಎಂದು ಶನಿವಾರ ಅಣ್ಣುವಿನ ಕೈಗೆ ಒಪ್ಪಿಸಿದವಳೂ ನಾನೇ.

ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಊಟದ ಗದ್ದಲ ಇಳಿಯುತ್ತಿತ್ತು. ಅಣ್ಣು ಕೌಂಟರಿನ ಹಿಂದೆ ನಿಂತು ಇಡ್ಲಿ ಕಟ್ಟುತ್ತಿದ್ದ. ತಲೆಯ ಮೇಲೆ ನೇತು ಹಾಕಿದ ನೂಲಿನ ಉಂಡೆಯಿಂದ ದಾರ ತಾನಾಗಿ ಇಳಿದು ಬರುತ್ತಿತ್ತು. ಅವನ ಹಿಂದೆ, ಮೆಟ್ಟಿಲ ಮೇಲೆ, ನಿಶಾ ಮೊಬೈಲು ಹಿಡಿದು ಕೂತಿದ್ದಳು. ಕಣ್ಣು ಊದಿತ್ತು.

“ಟೀಚರ್, ಎಂತ ಆಯ್ತು?” ಅಣ್ಣು ದಾರ ಬಿಟ್ಟು ನನ್ನ ಮುಖ ನೋಡಿದ. “ಇವಳು ಮೂರು ದಿನದಿಂದ ಊಟ ಬಿಟ್ಟಿದ್ದಾಳೆ ಮಾರಾಯ್ರೆ. ನಾನು ಊರಿಂದ ಬಂದು ಇಪ್ಪತ್ತಾರು ವರ್ಷ ಆಯ್ತು. ಒಬ್ಬ ಗಿರಾಕಿಯ ಒಂದು ವಡೆ ಕಮ್ಮಿ ಕಟ್ಟಿದವ ಅಲ್ಲ ನಾನು.”

“ನನಗ ಗೊತ್ತೈತಿ. ಒಂದು ಪೊಟ್ಟಣ ಕಟ್ಟು, ನಾ ನೋಡಬೇಕು.”

ಅವನು ಬೆಪ್ಪಾಗಿ ನೋಡಿದ. ಆದರೂ ಕಟ್ಟಿದ. ಎಲೆಯ ತುಂಡು, ಅದರ ಮೇಲೆ ಗೋಳಿಬಜೆ, ಹೊರಗೆ ಬ್ರೌನ್ ಪೇಪರು. ದಾರದ ತುದಿಯನ್ನು ಹೆಬ್ಬೆರಳಿನಡಿ ಒತ್ತಿ ಉದ್ದಕ್ಕೆ ಒಂದು ಸುತ್ತು, ನಡುವಿನಲ್ಲಿ ತಿರುವಿ ಅಡ್ಡಕ್ಕೆ ಒಂದು ಸುತ್ತು. ಬೆರಳಿನಿಂದ ಪಟ್ ಎಂದು ಕಡಿದು, ತುದಿಯನ್ನು ತಿರುವಿನ ಕೆಳಗೆ ತುರುಕಿದ. ಕಣ್ಣು ಮಿಟುಕಿಸುವುದರಲ್ಲಿ ಮುಗಿಯಿತು.

“ಗಂಟು ಯಾಕ ಹಾಕಂಗಿಲ್ಲ?”

“ಗಂಟು ಹಾಕಿದ್ರೆ ಲೋಕಲ್‌ನಲ್ಲಿ ನಿಂತವ ಒಂದು ಕೈಯಲ್ಲಿ ಬಿಚ್ಚುವುದು ಹೇಗೆ? ಹೀಗೆ ಎಳೆದ್ರೆ ಬಿಟ್ಟುಕೊಳ್ತದೆ.”

ಪೊಟ್ಟಣವನ್ನು ಫೋಟೊದ ಪಕ್ಕ ಇಟ್ಟೆ. ಕಾಗದ ಒಂದೇ, ನೂಲು ಒಂದೇ, ಗಂಟಿಲ್ಲದ ಕಟ್ಟೂ ಒಂದೇ. ಪೊಟ್ಟಣವನ್ನು ಈ ಕಡೆ ತಿರುಗಿಸಿದೆ, ಆ ಕಡೆ ತಿರುಗಿಸಿದೆ. ಏನೋ ಹೊಂದಲಿಲ್ಲ. ಅಣ್ಣುವಿನ ಕಟ್ಟಿನಲ್ಲಿ ನಡುವಿನ ತಿರುವು ಗಡಿಯಾರದ ಮುಳ್ಳು ಹೋಗುವ ಕಡೆಗೆ ಹೋಗಿತ್ತು. ಫೋಟೊದಲ್ಲಿ ಅದರ ವಿರುದ್ಧಕ್ಕೆ.

“ಫೋಟೊ ಉಲ್ಟಾ ಆಗಿರಬಹುದಾ ಟೀಚರ್?” ನಿಶಾ ಎದ್ದು ಬಂದಿದ್ದಳು. “ಸೆಲ್ಫೀಲಿ ಆಗ್ತದಲ್ಲ, ಹಾಗೆ.”

“ಉಲ್ಟಾ ಆಗಿದ್ರ ಮುಚ್ಚಳದ ಮ್ಯಾಲಿನ ನಿನ್ನ ಹೆಸರೂ ಉಲ್ಟಾ ಆಗಬೇಕಿತ್ತು. ನೀ ಒಂದು ಕಟ್ಟಿ ತೋರಸು.”

ಅವಳು ಅಪ್ಪನ ಮಗ್ಗುಲಿಗೆ ನಿಂತಳು. ರಜೆಯಲ್ಲೆಲ್ಲ ಅಲ್ಲಿಯೇ ನಿಂತು ಕಲಿತವಳು. ಉದ್ದಕ್ಕೆ, ತಿರುವು, ಅಡ್ಡಕ್ಕೆ, ಪಟ್. ತಿರುವು ಅಪ್ಪನದ್ದೇ ಕಡೆಗೆ ಹೋಯಿತು. ಇನ್ನೊಂದು ಕಟ್ಟಿಸಿದೆ, ಮತ್ತೊಂದು ಕಟ್ಟಿಸಿದೆ. ಮೂರೂ ಹಾಗೇ.

“ಉಲ್ಟಾ ಕಟ್ಟು ನೋಡೋಣ.”

ಪ್ರಯತ್ನಿಸಿದಳು. ದಾರ ಬೆರಳಿಗೆ ಸಿಕ್ಕಿಕೊಂಡಿತು. “ಕೈಗೇ ಬರುದಿಲ್ಲ ಟೀಚರ್, ಐ ಸ್ವೇರ್.”

ಆಗ ನನಗೆ ನೇಪಾಳದ ಮೊದಲನೇ ದಿನ ನೆನಪಾಯಿತು. ಪುಟ್ಟ ಮಕ್ಕಳಿಗೆ ಅಭಿನಯಗೀತೆ ಕಲಿಸುವ ಪಾಠ. ನಿಶಾ ಅವರ ಎದುರು ನಿಂತು ಬಲಗೈ ಎತ್ತಿದಳು, ಮೂವತ್ತು ಮಕ್ಕಳೂ ಎಡಗೈ ಎತ್ತಿದವು. ಅವಳು ಬಲಕ್ಕೆ ಬಾಗಿದರೆ ಅವು ಎಡಕ್ಕೆ. ನಕ್ಕು ನಕ್ಕು ಸಾಕಾಗಿ ನಾನೇ ಹೇಳಿಕೊಟ್ಟಿದ್ದೆ: ಎದುರಿಗೆ ನಿಂತು ಕಲಿಯುವವರಿಗೆ ನಿನ್ನ ಬಲ ಅವರ ಎಡ, ಅದಕ್ಕೇ ಟೀಚರ್ ಆದವಳು ತಾನೇ ಉಲ್ಟಾ ಮಾಡಿ ತೋರಿಸಬೇಕು.

ಕೌಂಟರಿನ ಈ ಕಡೆ ನಿಂತಿದ್ದೆ ನಾನು. ಆ ಕಡೆ ಅಣ್ಣು.

“ಫೋಟೋದಾಗಿನ ಪೊಟ್ಟಣ ಕಟ್ಟಿದವರು ನಿನ್ನ ಬಾಜೂಕ ನಿಂತು ಕಲ್ತಿಲ್ಲ, ಅಣ್ಣು” ಎಂದೆ. “ಇಲ್ಲಿ ನಿಂತು ಕಲ್ತಾರ. ಗಿರಾಕಿ ನಿಲ್ಲೋ ಜಾಗಾದಾಗ. ವರ್ಷಗಟ್ಟಲೆ ನೋಡಿ ನೋಡಿ.”

ಅಣ್ಣು ಕೌಂಟರಿನ ಮೇಲೆ ಎರಡೂ ಕೈ ಊರಿದ. “ದಿನಕ್ಕೆ ಮುನ್ನೂರು ಜನ ನಿಲ್ತಾರೆ ಟೀಚರ್ ಅಲ್ಲಿ.”

“ನೇಪಾಳಕ್ಕ ಮುನ್ನೂರು ಮಂದಿ ಬಂದಿರಲಿಲ್ಲ.” ನಿಶಾಳ ಕಡೆ ತಿರುಗಿದೆ. “ಪೆಟ್ಟಿಗಿ ತುಂಬಿದ್ದು ಯಾವಾಗ?”

“ಹೊರಡುವ ಹಿಂದಿನ ದಿನ, ಸಂಜೆ. ಟೋಪಿ ಎಲ್ಲ ಫ್ಲ್ಯಾಟ್ ಆಗಿ ಇಟ್ಟಿದ್ದೆ. ಟೇಪ್ ಹಾಕಿದ್ದು ಮಾತ್ರ ಮಾರ್ನಿಂಗ್, ಒಳಗೆ ನೋಡ್ಲಿಲ್ಲ. ಮಧ್ಯದಲ್ಲಿ ಬಾಕ್ಸ್ ಹೆಡ್‌ಮಿಸ್ಟ್ರೆಸ್ ರೂಮಲ್ಲಿತ್ತು. ರೋಶನ್ ಸರ್ ಉಳ್ಕೊಂಡಿದ್ರಲ್ಲ, ಆ ರೂಮ್.”

ಕೊನೆಯ ಎರಡು ದಿನಕ್ಕೆಂದು ಮುಂಬಯಿಯಿಂದ ಹಾರಿ ಬಂದಿದ್ದ ರೋಶನ್. ಈ ಕೌಂಟರಿನ ಹಳೇ ಗಿರಾಕಿ ರೋಶನ್. ನನಗೆ ಬೇಕಾದದ್ದು ಸಿಕ್ಕಿತು ಎನ್ನಿಸಿತು. ಖುಷಿಯೂ ಆಯಿತು, ಸುಳ್ಳು ಹೇಳುವುದಿಲ್ಲ.

“ಗೋಳಿಬಜೆ ಪಾರ್ಸೆಲ್ ಕೊಡು. ಅಷ್ಟು ದಾರಾನೂ ಕೊಡು” ಎಂದೆ. “ನಿಶಾ, ಮುಖ ತೊಳ್ಕೊ. ನನ್ನ ಜೋಡಿ ಬಾ.”

“ಅವಳು ಬೇಡ ಟೀಚರ್” ಎಂದ ಅಣ್ಣು. “ಅಲ್ಲಿ ದೊಡ್ಡವರೆಲ್ಲ ಇರ್ತಾರೆ.”

“ಇರ್ಲಿ. ತಲಿ ಎತ್ಕೊಂಡು ಹೋಗಿ ಕೂಡ್ಲಿ. ಕದ್ದವರು ಅಡಗ್ತಾರ, ಇವಳ್ಯಾಕ ಅಡಗಬೇಕು?”

*

ಆಫೀಸು ಮುಟ್ಟಿದಾಗ ಮೂರೂವರೆ. ನಿಶಾಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಒಳಗೆ ಹೋದೆ. ರೋಶನ್ ಗಡಿಯಾರ ನೋಡಿದ. ಹರಿಣಿ ಅದೇ ಕುರ್ಚಿಯಲ್ಲಿ ಕೂತಿದ್ದಳು, ನನ್ನನ್ನು ನೋಡಿ ಉಸಿರು ಬಿಟ್ಟಳು.

ನಾನು ಪೊಟ್ಟಣ ಬಿಚ್ಚಿದೆ. ಏಸಿ ಕೋಣೆಯ ತುಂಬ ಗೋಳಿಬಜೆಯ ವಾಸನೆ ಹರಡಿತು.

“ತಿನ್ರಿ. ಪೊಲೀಸರ ಮುಂದ ಖಾಲಿ ಹೊಟ್ಟೀಲೆ ಕೂಡಬಾರದು.”

“ಸೋ, ಯು ಆರ್ ಸೈನಿಂಗ್?” ರೋಶನ್ ಹಗುರಾಗಿ ನಾಲ್ಕು ತಿಂದ. ಹರಿಣಿ ಮುಟ್ಟಲಿಲ್ಲ.

“ಸಹಿ ಮಾಡೋಕ ಮೊದಲ ಒಂದು ತಿಳಕೋಬೇಕು. ಹೋಟೆಲ್ ಸ್ಟೈಲ್ ಕಟ್ಟು ಅಂದ್ರಲ್ಲ ನೀವು, ಅದು ಹೆಂಗ ಕಟ್ತಾರ? ತೋರಸ್ರಿ. ತಿಳೀಲಾರದ್ದಕ್ಕ ನಾ ಸಹಿ ಹೆಂಗ ಮಾಡ್ಲಿ?”

“ನಾನಾ?”

“ಹತ್ತು ವರ್ಷದ ಗಿರಾಕಿ ನೀವು. ಉಳಿದಿದ್ದು ಕಟ್ರಿ, ಹೊರಗ ನಿಶಾಗ ಕೊಡ್ತೀನಿ.”

ಸಹಿಯ ಆಸೆಗೆ ಅವನು ಅಂಗಿಯ ತೋಳು ಮಡಚಿದ. ನಾನು ಮೇಜಿನ ಮೇಲೆ ಬಾಗಿದೆ. ಅವನ ಬೆರಳುಗಳನ್ನು ಬಿಟ್ಟು ಬೇರೇನೂ ನನಗೆ ಕಾಣುತ್ತಿರಲಿಲ್ಲ. ಮೂರು ದಿನದ ಸಿಟ್ಟೆಲ್ಲ ಆ ದಾರದ ತುದಿಯಲ್ಲಿ ಇತ್ತು.

ಅವನಿಗೆ ಬರಲಿಲ್ಲ. ಕಾಗದ ಮಡಚಿದ್ದೇ ಸೊಟ್ಟ. ದಾರವನ್ನು ಐದಾರು ಸುತ್ತು ಹೇಗೆ ಹೇಗೋ ಸುತ್ತಿ, ಮೇಲೊಂದು ಗಂಟು ಹಾಕಿದ. ಆ ಗಂಟು ಜಾರಿತು. ಅದರ ಮೇಲೆ ಇನ್ನೊಂದು ಹಾಕಿದ. ನಟಿಸುತ್ತಿದ್ದಾನೆಯೇ ಎಂದು ಮುಖ ನೋಡಿದೆ. ನಿಜವಾಗಿಯೂ ಬೆವರಿದ್ದ, ಹಲ್ಲಿನಿಂದ ದಾರ ಕಡಿಯಲು ಹೊರಟಿದ್ದ. ಈ ಕೈ ಆ ಪೊಟ್ಟಣ ಕಟ್ಟಿದ ಕೈಯಲ್ಲ.

ಗೋಡೆಯ ಗಡಿಯಾರ ಹತ್ತು ನಿಮಿಷ ಕಡಿಮೆ ನಾಲ್ಕು ತೋರಿಸುತ್ತಿತ್ತು. ಇನ್ನು ನನ್ನ ಹತ್ತಿರ ಏನೂ ಉಳಿದಿರಲಿಲ್ಲ.

“ಅಯ್ಯೋ, ಎಂತದು ಇದು, ಇಲ್ಲಿ ಕೊಡಿ” ಎಂದಳು ಹರಿಣಿ.

ಅವನ ಕೈಯಿಂದ ಪೊಟ್ಟಣ ಕಿತ್ತುಕೊಂಡಳು. ಗಂಟು ಬಿಡಿಸಿ, ಕಾಗದವನ್ನು ಮೇಜಿಗೆ ಒತ್ತಿ ಸರಿಯಾಗಿ ಮಡಚಿದಳು. ದಾರದ ತುದಿ ಹೆಬ್ಬೆರಳಿನಡಿ ಹೋಯಿತು. ಉದ್ದಕ್ಕೆ ಒಂದು ಸುತ್ತು. ನಡುವೆ ತಿರುವು. ಅಡ್ಡಕ್ಕೆ ಒಂದು ಸುತ್ತು. ಪಟ್ ಎಂದು ಕಡಿದು, ತುದಿಯನ್ನು ತಿರುವಿನ ಕೆಳಗೆ ತುರುಕಿ, ನನ್ನ ಕೈಗೆ ಕೊಟ್ಟಳು.

“ಹಿಡಿ. ತಣ್ಣಗಾಗುವ ಮೊದಲು ಆ ಹುಡುಗಿಗೆ ಕೊಡು.”

ತಿರುವು ಗಡಿಯಾರದ ಮುಳ್ಳಿಗೆ ವಿರುದ್ಧ ಹೋಗಿತ್ತು.

ಪ್ರತಿ ಶುಕ್ರವಾರ ಕಾಲೇಜು ಬಿಟ್ಟ ಮೇಲೆ ನಾವಿಬ್ಬರೂ ಆ ಕೌಂಟರಿನ ಮುಂದೆ ನಿಲ್ಲುತ್ತಿದ್ದೆವು. ನಾನು ರಸ್ತೆ ನೋಡುತ್ತಿದ್ದೆ. ಹರಿಣಿ ಅಣ್ಣುವಿನ ಕೈ ನೋಡುತ್ತಿದ್ದಳು. ಮಕ್ಕಳ ಟಿಫಿನ್ನಿಗೂ ಹಾಗೇ ಕಟ್ಟುತ್ತೇನೆ ಎಂದು ಒಮ್ಮೆ ಹೇಳಿದ್ದು ಈಗ ನೆನಪಾಯಿತು. ನೆನಪಾಗಬಾರದಿತ್ತು ಎನ್ನಿಸಿತು.

ನನಗೆ ಜ್ವರ ಬಂದಾಗ ಪರೇಲಿನ ಚಾಳಿನ ಮೂರು ಮಾಳಿಗೆ ಹತ್ತಿ ಗಂಜಿ ತಂದವಳು ಇವಳು. ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡು, ಗೊತ್ತಾಗಲಿಲ್ಲ ಎಂದು ಎದ್ದು ಹೋಗಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ. ಗಾಜಿನ ಗೋಡೆಯ ಆಚೆ ನಿಶಾ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ತಲೆ ಎತ್ತಿಕೊಂಡು ಕೂಡು ಎಂದು ನಾನೇ ಹೇಳಿದ್ದೆನಲ್ಲ, ಹಾಗೇ ಕೂತಿದ್ದಳು.

ಫೋಟೊ ತೆಗೆದು ಮೇಜಿನ ಮೇಲೆ ಹರಡಿದೆ. ಅದರ ಪಕ್ಕ ಹರಿಣಿಯ ಪೊಟ್ಟಣ ಇಟ್ಟೆ.

“ನಡುವಿನ ತಿರುವು ನೋಡ್ರಿ. ಅಣ್ಣು ಕಟ್ಟೋದು ಒಂದು ಕಡಿಗೆ. ನಿಶಾ ಕಟ್ಟೋದೂ ಅದೇ ಕಡಿಗೆ, ಮೂರು ಸಲ ಕಟ್ಟಿಸಿ ನೋಡೀನಿ. ಈ ಫೋಟೋದಾಗಿಂದು ಉಲ್ಟಾ. ಈಗ ಕಟ್ಟಿದ್ದೂ ಉಲ್ಟಾ.” ಹರಿಣಿಯನ್ನು ನೋಡಿದೆ. “ನೀ ಹೇಳ್ತೀಯೋ, ನಾ ಹೇಳ್ಲೋ?”

ಹರಿಣಿ ಫೋಟೊ ನೋಡಿದಳು, ತನ್ನ ಬೆರಳುಗಳನ್ನು ನೋಡಿಕೊಂಡಳು.

ರೋಶನ್‌ಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. “ಓಹ್ ಮೈ ಗಾಡ್. ಹರಿಣಿ ಮೇಡಂ?” ಎಂದವನೇ ಲ್ಯಾಪ್‌ಟಾಪ್ ಎಳೆದುಕೊಂಡ. “ಓಕೆ, ಫೈನ್. ನೋ ಪ್ರಾಬ್ಲಮ್. ನಿಶಾ ಹೆಸರು ತೆಗೆದು ಇವರದ್ದು ಹಾಕೋಣ. ಫೈವ್ ಮಿನಿಟ್ಸ್.”

ಅವನ ಮುಖದಲ್ಲಿ ಸಮಾಧಾನವಿತ್ತು. ಹೆಸರು ಯಾರದ್ದಾದರೂ ಅವನಿಗೆ ಅಡ್ಡಿಯಿಲ್ಲ, ನಾಲ್ಕು ಗಂಟೆಗೆ ಒಂದು ಹೆಸರು ಬೇಕು, ಅಷ್ಟೇ. ಅದನ್ನು ನಾನೂ ಕಂಡೆ, ಹರಿಣಿಯೂ ಕಂಡಳು.

“ಹೌದು, ಹೊರಡುವ ಹಿಂದಿನ ರಾತ್ರಿ ಕಟ್ಟಿದ್ದು ನಾನೇ” ಎಂದಳು ಹರಿಣಿ. ಮೆಲ್ಲಗೆ ಶುರುವಾದ ದನಿ ಗಟ್ಟಿಯಾಗುತ್ತ ಹೋಯಿತು. “ಹೆಡ್‌ಮಿಸ್ಟ್ರೆಸ್ ಕೊಟ್ಟ ಗಿಫ್ಟ್, ಒಡೆಯದ ಹಾಗೆ ಕಟ್ಟಿಕೊಡಿ ಅಂದ್ರಿ ನೀವು. ಒಳಗೆ ಎಂತ ಉಂಟು ಅಂತ ನೀವು ಸುತ್ತಿ ಕೊಟ್ಟ ಬಟ್ಟೆ ಬಿಚ್ಚಿ ನೋಡ್ಲಿಲ್ಲ ನಾನು. ಸೋಮವಾರ ಗೊತ್ತಾದ ಮೇಲೆ ಹೆದರಿ ಬಾಯಿ ಮುಚ್ಚಿಕೊಂಡೆ, ಅದು ನನ್ನ ತಪ್ಪು. ಆ ಮಗುವಿನ ಕಾಲು ಹಿಡೀತೇನೆ, ಜೈಲಿಗೂ ಹೋಗ್ತೇನೆ. ಹಾಕಿ ನನ್ನ ಹೆಸರು.”

ರೋಶನ್ ಟೈಪ್ ಮಾಡುತ್ತಲೇ ಇದ್ದ. “ಎನಿಬಡಿ ಕ್ಯಾನ್ ಸೇ ಎನಿಥಿಂಗ್, ಮೇಡಂ.”

“ಹಾಗಾದ್ರೆ ಇದನ್ನೂ ಬರೀರಿ.” ಹರಿಣಿ ಎದ್ದು ನಿಂತಳು. “ನೀವು ನನ್ನ ಕೈಗೆ ಕೊಟ್ಟದ್ದು ಒಂದಲ್ಲ. ನಾನು ಎರಡು ಪೊಟ್ಟಣ ಕಟ್ಟಿ, ಎರಡನ್ನೂ ಟೋಪಿಗಳ ನಡುವೆ ಮಗ್ಗುಲು ಮಗ್ಗುಲಿಗೆ ಇಟ್ಟಿದ್ದೆ. ಇನ್ನೊಂದು ಎಲ್ಲಿ, ರೋಶನ್?”

ಕೀಬೋರ್ಡಿನ ಸದ್ದು ನಿಂತಿತು.

ನಾನು ಫೋಟೊ ನೋಡಿದೆ. ಪೊಟ್ಟಣದ ಮಗ್ಗುಲಿಗೆ ಟೋಪಿಗಳು ಒತ್ತಿಹೋದ ಎರಡನೆಯ ಗುಂಡಿ. ಲೋಕಲ್‌ನಲ್ಲಿ ನಾನು ನೋಡಿಯೂ ಬಿಟ್ಟಿದ್ದ ಗುಂಡಿ. ಆ ಶಾಲೆಯವರು ಕಳೆದುಹೋಗಿದೆ ಎಂದು ಬರೆದದ್ದು ಒಂದೇ ವಿಗ್ರಹ. ಯಾರೂ ಕೇಳದ ಎರಡನೆಯ ಪೊಟ್ಟಣವನ್ನು, ಪೆಟ್ಟಿಗೆ ಬಿಚ್ಚಿದ ಇವನೇ ಫೋಟೊ ತೆಗೆಯುವ ಮೊದಲು ಎತ್ತಿಟ್ಟಿದ್ದ.

ಬೆಳಿಗ್ಗೆಯಿಂದ ಪೊಲೀಸ್ ಪೊಲೀಸ್ ಎಂದು ಹೆದರಿಸುತ್ತಿದ್ದ ಮನುಷ್ಯ ಲ್ಯಾಪ್‌ಟಾಪ್ ಮುಚ್ಚಿದ. ಎದ್ದು ಹೋಗಿ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಗಾಜಿನ ಗೋಡೆಯ ಪರದೆ ಎಳೆದ. ನಿಶಾ ಮರೆಯಾದಳು.

“ನಾಲ್ಕು ಗಂಟೆಗೆ ಯಾರೂ ಎಲ್ಲಿಗೂ ಹೋಗೋದು ಬೇಡ” ಎಂದ.

ಈ ಸಲ ಅವನ ಮಾತಿನಲ್ಲಿ ಒಂದು ಇಂಗ್ಲಿಷ್ ಪದವೂ ಇರಲಿಲ್ಲ. ನಾನು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು ಕೂತೆ.